2019ರ ‘ಲಿಟಲ್ ವಿಮೆನ್’ ಚಿತ್ರ: ನೋಡಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ನಾವು ಕೆಲವರು ಒಂದು ಕಾದಂಬರಿಯನ್ನು ಓದಿ, ಅದನ್ನು ಆಧರಿಸಿದ ಚಲನಚಿತ್ರವನ್ನು ಒಟ್ಟಿಗೆ ನೋಡಿ, ಆಮೇಲೆ ಕುಳಿತು ಮಾತನಾಡುವ ರೂಢಿ ಇಟ್ಟುಕೊಂಡಿದ್ದೇವೆ. ಕೊಪ್ಪಳ, ರಾಯಚೂರು ಕಡೆಯಿಂದಲೂ ಬರುವವರಿದ್ದಾರೆ. ನಾಲ್ವರು ಅಕ್ಕತಂಗಿಯರ ಕಥೆಯಾದ ‘ಲಿಟಲ್ ವಿಮೆನ್’ ಎಬ್ಬಿಸಿದಷ್ಟು ಪ್ರಶ್ನೆಗಳನ್ನು ಬೇರೆ ಯಾವ ಚಿತ್ರವೂ ಎಬ್ಬಿಸಿಲ್ಲ. ಹೊಸದಾಗಿ ಬಂದವರು ಅವೇ ಪ್ರಶ್ನೆಗಳನ್ನು ಮತ್ತೆ ಕೇಳುವುದರಿಂದ ಉತ್ತರಗಳನ್ನು ಇಲ್ಲಿ ಬರೆದಿಡಲಾಗಿದೆ. ಕಥೆಯ ತಿರುವುಗಳನ್ನೂ ಕೊನೆಯನ್ನೂ ಮುಚ್ಚಿಟ್ಟು ಉತ್ತರಿಸಲಾಗದು. ಆದ್ದರಿಂದ ಚಿತ್ರವನ್ನು ಇನ್ನೂ ನೋಡದವರು ಮೊದಲ ನಾಲ್ಕು ಉತ್ತರಗಳನ್ನು ಓದಿಕೊಂಡು, ಉಳಿದವುಗಳಿಗೆ ಚಿತ್ರ ನೋಡಿದ ಮೇಲೆ ಬರುವುದು ಒಳ್ಳೆಯದು.

ಇದು ಯಾವ ಕಾದಂಬರಿ? ಚಿತ್ರವನ್ನು ಮಾಡಿದವರು ಯಾರು?

ಅಮೆರಿಕದ ಲೇಖಕಿ ಲೂಯಿಸಾ ಮೇ ಆಲ್ಕಾಟ್ ಅವರು ಬರೆದ ‘ಲಿಟಲ್ ವಿಮೆನ್’ ಕಾದಂಬರಿಯ ಮೊದಲ ಭಾಗ 1868ರಲ್ಲಿ, ಎರಡನೆಯ ಭಾಗ 1869ರಲ್ಲಿ ಬಾಸ್ಟನ್ನಿನ ರಾಬರ್ಟ್ಸ್ ಬ್ರದರ್ಸ್ ಪ್ರಕಾಶನದಿಂದ ಹೊರಬಂದವು. ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಊರಿನಲ್ಲಿ ತಾಯಿಯೊಂದಿಗೆ ಬೆಳೆಯುವ ಮೆಗ್, ಜೋ, ಬೆತ್, ಏಮಿ ಎಂಬ, ಮಾರ್ಚ್ ಮನೆತನದ ನಾಲ್ವರು ಅಕ್ಕತಂಗಿಯರ ಕಥೆ ಇದು. ನಾವು ಇಲ್ಲಿ ಮಾತನಾಡುತ್ತಿರುವ ಚಿತ್ರವನ್ನು ಗ್ರೆಟಾ ಗರ್ವಿಗ್ ಬರೆದು ನಿರ್ದೇಶಿಸಿದರು. ಅದು 2019ರ ಡಿಸೆಂಬರ್ 25ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಜೋ ಪಾತ್ರದಲ್ಲಿ ಸರ್ಶಾ ರೋನನ್, ಮೆಗ್ ಆಗಿ ಎಮ್ಮಾ ವಾಟ್ಸನ್, ಏಮಿಯಾಗಿ ಫ್ಲಾರೆನ್ಸ್ ಪ್ಯೂ, ಬೆತ್ ಆಗಿ ಎಲೈಜಾ ಸ್ಕ್ಯಾನ್ಲೆನ್ ಇದ್ದಾರೆ. ತಾಯಿಯ ಪಾತ್ರ ಲಾರಾ ಡರ್ನ್ ಅವರದು, ಸಿರಿವಂತ ಅತ್ತೆಯ ಪಾತ್ರ ಮೆರಿಲ್ ಸ್ಟ್ರೀಪ್ ಅವರದು, ಪಕ್ಕದ ಮನೆಯ ಹುಡುಗ ಲಾರಿಯ ಪಾತ್ರ ತಿಮೊತಿ ಶಾಲಮೆ ಅವರದು.

ಈ ಕಾದಂಬರಿ ಎಷ್ಟೋ ಸಲ ತೆರೆಗೆ ಬಂದಿದೆಯಲ್ಲ, ಇದನ್ನೇ ಏಕೆ ಆರಿಸಿದಿರಿ?

ಮೂಕಿ ಚಿತ್ರಗಳ ಕಾಲದಿಂದಲೂ ಬಂದಿದೆ ಎಂಬುದು ನಿಜ. 1933ರಲ್ಲಿ ಜಾರ್ಜ್ ಕ್ಯೂಕರ್ ಕ್ಯಾಥರೀನ್ ಹೆಪ್‌ಬರ್ನ್ ಅವರನ್ನು ಜೋ ಆಗಿಸಿದರು, 1949ರ ಚಿತ್ರದಲ್ಲಿ ಎಲಿಜಬೆತ್ ಟೇಲರ್ ಏಮಿಯಾಗಿದ್ದರು, 1994ರಲ್ಲಿ ಗಿಲಿಯನ್ ಆರ್ಮ್‌ಸ್ಟ್ರಾಂಗ್ ವಿನೋನಾ ರೈಡರ್ ಅವರೊಂದಿಗೆ ಮಾಡಿದ ಚಿತ್ರವನ್ನು ಇಂದಿಗೂ ಪ್ರೀತಿಯಿಂದ ನೆನೆಯುವವರಿದ್ದಾರೆ. 2018ರಲ್ಲಿ ಕಥೆಯನ್ನೇ ಇಂದಿನ ಕಾಲಕ್ಕೆ ತಂದ ಇನ್ನೊಂದು ಚಿತ್ರವೂ ಬಂತು. ಗರ್ವಿಗ್ ಅವರ ಚಿತ್ರದಲ್ಲಿ ಉಡುಪು, ದೀಪ, ಗಾಡಿಗಳೆಲ್ಲ ಹತ್ತೊಂಬತ್ತನೆಯ ಶತಮಾನದವೇ. ಆದರೂ ಅದು ನನಗೆ ಎಲ್ಲಕ್ಕಿಂತ ಆಧುನಿಕವಾಗಿ ಕಾಣುತ್ತದೆ. ಕಾರಣವೇನೆಂದರೆ, ಹಿಂದಿನ ಚಿತ್ರಗಳು ‘ಯಾರು ಯಾರನ್ನು ಮದುವೆಯಾದರು’ ಎಂಬ ಎಳೆಯನ್ನು ಹಿಡಿದು ಹೋಗುತ್ತಿದ್ದರೆ, ಈ ಚಿತ್ರ ‘ಯಾರು ದುಡಿದರು, ದುಡಿಮೆಗೆ ಎಷ್ಟು ಸಿಕ್ಕಿತು, ಅದು ಯಾರ ಕೈ ಸೇರಿತು’ ಎಂಬ ಲೆಕ್ಕವನ್ನು ಮೊದಲ ದೃಶ್ಯದಿಂದ ಕೊನೆಯವರೆಗೂ ಬಿಡದೆ ಇಡುತ್ತಾ ಹೋಗುತ್ತದೆ. ಆ ಲೆಕ್ಕ ಕಾದಂಬರಿಯಲ್ಲೂ ಇತ್ತು, ಓದುಗರೇ ಅದನ್ನು ದಾಟಿಕೊಂಡು ಮದುವೆಯ ಅಧ್ಯಾಯಗಳಿಗೆ ಓಡುತ್ತಿದ್ದರು.

ಕಥೆ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ. ಕಾದಂಬರಿ ಓದದವರಿಗೆ ಅರ್ಥವಾಗುವುದೇ?

ಮೊದಲ ಇಪ್ಪತ್ತು ನಿಮಿಷ ಕಷ್ಟವಾಗಬಹುದು, ಆಮೇಲೆ ಹಾದಿ ಸಿಗುತ್ತದೆ. ಕಾದಂಬರಿ ಅಕ್ಕತಂಗಿಯರ ಬಾಲ್ಯದಿಂದ ಆರಂಭವಾಗಿ ನೇರವಾಗಿ ಸಾಗುತ್ತದೆ. ಚಿತ್ರ ಮಾತ್ರ 1868ರಲ್ಲಿ, ನ್ಯೂಯಾರ್ಕಿನ ಒಬ್ಬ ಸಂಪಾದಕನ ಬಾಗಿಲ ಹೊರಗೆ ಜೋ ಉಸಿರು ಬಿಗಿಹಿಡಿದು ನಿಂತಿರುವಲ್ಲಿಂದ ಆರಂಭವಾಗುತ್ತದೆ. ಆಗ ಏಮಿ ಅತ್ತೆಯೊಂದಿಗೆ ಪ್ಯಾರಿಸಿನಲ್ಲಿದ್ದಾಳೆ, ಮೆಗ್ ಮದುವೆಯಾಗಿ ಎರಡು ಮಕ್ಕಳ ತಾಯಿಯಾಗಿದ್ದಾಳೆ, ಬೆತ್ ಮನೆಯಲ್ಲಿದ್ದಾಳೆ. ಅಲ್ಲಿಂದ ಕಥೆ ಏಳು ವರ್ಷ ಹಿಂದಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ.

ಗುರುತು ಹಿಡಿಯಲು ಬಣ್ಣವನ್ನು ನೋಡಬೇಕು. ಬಾಲ್ಯದ ದೃಶ್ಯಗಳಲ್ಲಿ ದೀಪದ, ಸಂಜೆಬಿಸಿಲಿನ ಹೊಂಬಣ್ಣವಿದೆ; ದೊಡ್ಡವರಾದ ಮೇಲಿನ ದೃಶ್ಯಗಳಲ್ಲಿ ನೀಲಿ, ಬೂದು ಬೆರೆತ ತಣ್ಣನೆಯ ಬೆಳಕಿದೆ. ಚಿತ್ರವನ್ನು ಡಿಜಿಟಲ್ ಕ್ಯಾಮೆರಾದಲ್ಲಿ ಅಲ್ಲದೆ 35 ಎಂ.ಎಂ. ಫಿಲ್ಮಿನಲ್ಲಿ ಯೊರಿಕ್ ಲ ಸೊ ಚಿತ್ರೀಕರಿಸಿದ್ದಾರೆ, ಆ ಬಣ್ಣಗಳ ಮೃದುತ್ವಕ್ಕೆ ಅದೂ ಒಂದು ಕಾರಣ. ಜೋ ಪಾತ್ರದ ತಲೆಗೂದಲಿನ ಉದ್ದವೂ ನೆರವಾಗುತ್ತದೆ. ಮೊಬೈಲಿನಲ್ಲಿ ಬೆಳಕು ತಗ್ಗಿಸಿಕೊಂಡು ನೋಡಿದರೆ ಈ ವ್ಯತ್ಯಾಸ ಕಾಣದೆ ಹೋಗುತ್ತದೆ. ಸಾಧ್ಯವಾದರೆ ದೊಡ್ಡ ಪರದೆಯ ಮೇಲೆ, ಕತ್ತಲು ಮಾಡಿಕೊಂಡು ನೋಡಿ. ಅವಧಿ 2 ಗಂಟೆ 15 ನಿಮಿಷ.

ಬೆತ್ ಮತ್ತು ಏಮಿ ಇವರಲ್ಲಿ ಚಿಕ್ಕವಳು ಯಾರು?

ಏಮಿಯೇ ಎಲ್ಲರಿಗಿಂತ ಚಿಕ್ಕವಳು. ಕಾದಂಬರಿಯ ಆರಂಭದಲ್ಲಿ ಮೆಗ್‌ಗೆ 16, ಜೋಗೆ 15, ಬೆತ್‌ಗೆ 13, ಏಮಿಗೆ 12 ವರ್ಷ. ಚಿತ್ರದಲ್ಲಿ ಗೊಂದಲವಾಗುವುದಕ್ಕೆ ಕಾರಣವಿದೆ: ಏಮಿಯ ಪಾತ್ರ ಮಾಡಿದ ಫ್ಲಾರೆನ್ಸ್ ಪ್ಯೂ ಅವರು ಬೆತ್ ಪಾತ್ರದ ಎಲೈಜಾ ಸ್ಕ್ಯಾನ್ಲೆನ್ ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರು, ಮತ್ತು ಹನ್ನೆರಡರ ಹುಡುಗಿಯನ್ನೂ ಇಪ್ಪತ್ತರ ಯುವತಿಯನ್ನೂ ಅವರೇ ಅಭಿನಯಿಸಿದ್ದಾರೆ. ಶಾಲೆಯ ಬೆಂಚಿನ ಮೇಲೆ ಕುಳಿತ ಏಮಿಯನ್ನು ನಂಬಲು ಸ್ವಲ್ಪ ಮನಸ್ಸು ಮಾಡಬೇಕಾಗುತ್ತದೆ. ಪ್ಯಾರಿಸಿನ ಏಮಿ ಬಂದಾಗ ಆ ತೊಡಕು ಸಂಪೂರ್ಣ ಮರೆತುಹೋಗುತ್ತದೆ.

ಇದು ನಿಜವಾಗಿ ನಡೆದ ಕಥೆಯೇ?

ಬಹುಪಾಲು ಲೇಖಕಿಯ ಮನೆಯ ಕಥೆಯೇ. ಆಲ್ಕಾಟ್ ಅವರ ಮನೆಯಲ್ಲಿಯೂ ನಾಲ್ವರು ಹೆಣ್ಣುಮಕ್ಕಳು: ಆನಾ, ಲೂಯಿಸಾ, ಎಲಿಜಬೆತ್, ಮೇ. ಆನಾ ಮೆಗ್ ಆದಳು, ಲೂಯಿಸಾ ಜೋ ಆದಳು, ಎಲಿಜಬೆತ್ ಬೆತ್ ಆದಳು, ಚಿತ್ರಕಲಾವಿದೆ ಮೇ ಏಮಿಯಾದಳು. ಕಾಂಕರ್ಡ್ ಊರಿನ ಆರ್ಚರ್ಡ್ ಹೌಸ್ ಎಂಬ ಮನೆಯಲ್ಲಿ ಕುಳಿತು ಲೂಯಿಸಾ ಈ ಕಾದಂಬರಿಯನ್ನು ಬರೆದರು; ಆ ಮನೆ ಇಂದು ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಸ್ಕಾರ್ಲೆಟ್ ಜ್ವರದಿಂದ ಸೊರಗಿದ ಎಲಿಜಬೆತ್ 1858ರಲ್ಲಿ ತೀರಿಕೊಂಡರು.

ಆದರೆ ಕಾದಂಬರಿ ಬಿಟ್ಟದ್ದೂ ಇದೆ. ತಂದೆ ಬ್ರಾನ್ಸನ್ ಆಲ್ಕಾಟ್ ದೊಡ್ಡ ಆದರ್ಶವಾದಿ, ಆದರೆ ಮನೆ ನಡೆಸುವಷ್ಟು ದುಡಿದವರಲ್ಲ. 1843ರಲ್ಲಿ ಅವರು ಗೆಳೆಯರೊಂದಿಗೆ ಫ್ರೂಟ್‌ಲ್ಯಾಂಡ್ಸ್ ಎಂಬ ಸಮುದಾಯ ಬೇಸಾಯದ ಪ್ರಯೋಗ ನಡೆಸಿದರು, ಅದು ಕೆಲವೇ ತಿಂಗಳಲ್ಲಿ ಕುಸಿಯಿತು, ಕುಟುಂಬ ಚಳಿಗಾಲದಲ್ಲಿ ಹಸಿವಿನ ಅಂಚಿಗೆ ಬಂತು. ತಾಯಿ ಮತ್ತು ಮಕ್ಕಳ ಹೊಲಿಗೆ, ಪಾಠ, ಮನೆಗೆಲಸಗಳಿಂದ ಹೊಟ್ಟೆ ತುಂಬುತ್ತಿತ್ತು. ಕಾದಂಬರಿಯಲ್ಲಿ ಯುದ್ಧಭೂಮಿಗೆ ಹೋಗುವವನು ತಂದೆ. ಆ ಮನೆಯಿಂದ ನಿಜವಾಗಿ ಹೋದವಳು ಮಗಳು. ಲೂಯಿಸಾ 1862ರ ಕೊನೆಯಲ್ಲಿ ದಾದಿಯಾಗಿ ವಾಷಿಂಗ್ಟನ್ ಬಳಿಯ ಸೈನಿಕ ಆಸ್ಪತ್ರೆಗೆ ಹೋಗಿ, ಟೈಫಾಯ್ಡ್‌ಗೆ ತುತ್ತಾಗಿ, ಪಾದರಸ ಬೆರೆತ ಔಷಧಿಯ ಚಿಕಿತ್ಸೆ ಪಡೆದು ಮರಳಿದರು. ಅಲ್ಲಿಂದಾಚೆ ಅವರ ಆರೋಗ್ಯ ಮೊದಲಿನಂತಾಗಲಿಲ್ಲ.

ತಂದೆ ಕಥೆಯ ಅರ್ಧದವರೆಗೂ ಕಾಣುವುದೇ ಇಲ್ಲ. ಅದು ಕೊರತೆಯಲ್ಲವೇ?

ಈ ಪ್ರಶ್ನೆಯನ್ನು ಬಳ್ಳಾರಿ ಪೇಟೆಯವರು ಕೇಳುತ್ತಾರೆ, ಲಿಂಗಸುಗೂರು, ದೇವದುರ್ಗ, ಕುಷ್ಟಗಿ ಕಡೆಯಿಂದ ಬಂದವರು ಕೇಳಿದ್ದನ್ನು ನಾನು ಕಂಡಿಲ್ಲ. ಮಳೆ ಕೈಕೊಟ್ಟ ವರ್ಷ ಗಂಡಸರು ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋದಾಗ, ಊರಿನಲ್ಲಿ ಉಳಿದ ಹೆಂಗಸು ಮನೆಯ ಹಣಕಾಸು, ಕಾಯಿಲೆ, ಮಕ್ಕಳ ಶಾಲೆ, ನೆರೆಯವರ ಕಷ್ಟ ಎಲ್ಲವನ್ನೂ ಒಬ್ಬಳೇ ಹೊರುವುದನ್ನು ಅವರು ಕಂಡಿದ್ದಾರೆ. ಮಾರ್ಚ್ ಕುಟುಂಬದ ತಾಯಿಯನ್ನು ಅವರಿಗೆ ವಿವರಿಸಬೇಕಾಗುವುದಿಲ್ಲ. ತಂದೆಯಿಂದ ಬಂದ ಪತ್ರವನ್ನು ತಾಯಿ ಓದುವಾಗ ಮಕ್ಕಳೆಲ್ಲ ಒಂದೇ ಕುರ್ಚಿಯ ಸುತ್ತ ಮುತ್ತಿಕೊಳ್ಳುವ ದೃಶ್ಯದಲ್ಲಿ ಆ ಗೈರುಹಾಜರಿಯ ಭಾರ ಗೊತ್ತಾಗುತ್ತದೆ. ಚಿತ್ರದಲ್ಲಿ ಈ ತಾಯಿ ತಾನು ಬದುಕಿನ ಬಹುತೇಕ ಎಲ್ಲ ದಿನವೂ ಸಿಟ್ಟಿನಲ್ಲಿರುತ್ತೇನೆ ಎಂದು ಜೋಗೆ ಶಾಂತವಾಗಿ ಹೇಳುತ್ತಾಳೆ. ಆ ಮಾತು ಹೊಸದೇನಲ್ಲ, ಕಾದಂಬರಿಯಲ್ಲೇ ಇದೆ. ಹಿಂದಿನ ಚಿತ್ರಗಳ ತಾಯಂದಿರು ಅಷ್ಟು ಸೌಮ್ಯರಾಗಿದ್ದುದರಿಂದ ಹೊಸದೆಂದು ತೋರುತ್ತದೆ.

ಬಡವರು ಎನ್ನುತ್ತಾರೆ, ಆದರೆ ಮನೆಯಲ್ಲಿ ಕೆಲಸದಾಕೆ ಇದ್ದಾಳೆ, ಪಿಯಾನೊ ಇದೆ. ಇದು ಎಂಥ ಬಡತನ?

ಕೇಳಲೇಬೇಕಾದ ಪ್ರಶ್ನೆ. ಮಾರ್ಚ್ ಕುಟುಂಬದ್ದು ಇಳಿದುಹೋದ ಮನೆತನದ ಬಡತನ: ಓದು, ನೆಂಟಸ್ತಿಕೆ, ಮನೆ ಇವೆ, ಹೊಸ ಬಟ್ಟೆಗೆ ಹಣವಿಲ್ಲ. ಹನ್ನಾ ಎಂಬ ಕೆಲಸದಾಕೆಯ ಒಳಗನ್ನು ಕಾದಂಬರಿಯೂ ತೆರೆದು ನೋಡುವುದಿಲ್ಲ, ಚಿತ್ರವೂ ನೋಡುವುದಿಲ್ಲ. ಇದನ್ನು ಚಿತ್ರದ ಮಿತಿ ಎಂದೇ ಹೇಳಬೇಕು. ನಿಜವಾದ ಹಸಿವು ಇರುವುದು ಹಮ್ಮೆಲ್ ಎಂಬ ಜರ್ಮನ್ ವಲಸೆ ಕುಟುಂಬದಲ್ಲಿ. ಕ್ರಿಸ್ಮಸ್ ಬೆಳಗ್ಗೆ ತಮ್ಮ ಊಟವನ್ನು ಅಕ್ಕತಂಗಿಯರು ಅವರಿಗೆ ಹೊತ್ತುಕೊಂಡು ಹೋಗುತ್ತಾರೆ. ಎಲ್ಲರೂ ಒಮ್ಮೆ ಹೋಗಿ ಬಂದು ಒಳ್ಳೆಯವರೆನಿಸಿಕೊಳ್ಳುತ್ತಾರೆ. ಮತ್ತೆ ಮತ್ತೆ ಹೋಗುವವಳು ಬೆತ್ ಒಬ್ಬಳೇ, ಜ್ವರ ತಗಲುವುದೂ ಅವಳಿಗೇ.

ಅಕ್ಕನ ಹಸ್ತಪ್ರತಿಯನ್ನು ಸುಟ್ಟ ಏಮಿಯನ್ನು ಹೇಗೆ ಕ್ಷಮಿಸುವುದು?

ನಮ್ಮಲ್ಲಿ ಅತಿ ಹೆಚ್ಚು ವಾದ ನಡೆಯುವುದು ಏಮಿಯ ಮೇಲೆ. ತನ್ನನ್ನು ನಾಟಕಕ್ಕೆ ಕರೆದುಕೊಂಡು ಹೋಗಲಿಲ್ಲವೆಂಬ ಸಿಟ್ಟಿಗೆ ಅವಳು ಜೋ ಬರೆದಿಟ್ಟ ಪುಸ್ತಕವನ್ನು ಒಂದೊಂದೇ ಹಾಳೆಯಾಗಿ ಬೆಂಕಿಗೆ ಹಾಕುತ್ತಾಳೆ. ನಕಲು ಪ್ರತಿ ಇಲ್ಲದ ಕಾಲದಲ್ಲಿ ಅದು ವರ್ಷಗಳ ದುಡಿಮೆ. ಜೋ ಕ್ಷಮಿಸುವುದಿಲ್ಲ, ಮರುದಿನ ಏಮಿ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುತ್ತಾ ಹಿಂದೆ ಬಂದಾಗಲೂ ತಿರುಗಿ ನೋಡುವುದಿಲ್ಲ, ಮಂಜುಗಡ್ಡೆ ಒಡೆದು ತಂಗಿ ಮುಳುಗುವವರೆಗೂ. ಕಾದಂಬರಿ ಓದುವಾಗ ನನ್ನ ಸಿಟ್ಟು ಏಮಿಯ ಮೇಲೆಯೇ ಉಳಿದಿತ್ತು. ಚಿತ್ರ ಬಾಲ್ಯದ ಆ ಏಮಿಯ ಪಕ್ಕದಲ್ಲೇ ಪ್ಯಾರಿಸಿನ ಏಮಿಯನ್ನು ತಂದು ನಿಲ್ಲಿಸುವುದರಿಂದ ತೀರ್ಪು ಅಷ್ಟು ಸುಲಭವಲ್ಲ.

ಪ್ಯಾರಿಸಿನ ಚಿತ್ರಶಾಲೆಯಲ್ಲಿ ಅವಳು ಲಾರಿಗೆ ಹೇಳುವ ಮಾತನ್ನು ಗಮನಿಸಿ. ತಾನು ಬರೀ ಹೆಣ್ಣು, ಸಂಸಾರ ನಡೆಸುವಷ್ಟು ಗಳಿಸುವ ದಾರಿ ತನಗಿಲ್ಲ, ತನ್ನಲ್ಲಿ ಹಣವಿದ್ದರೂ ಮದುವೆಯಾದ ಗಳಿಗೆಯಿಂದ ಅದು ಗಂಡನದು, ಮಕ್ಕಳೂ ಗಂಡನ ಸೊತ್ತು; ಆದ್ದರಿಂದ ಮದುವೆ ಒಂದು ಆರ್ಥಿಕ ವ್ಯವಹಾರವಲ್ಲ ಎಂದು ತನಗೆ ಉಪದೇಶಿಸಬೇಡ ಎನ್ನುತ್ತಾಳೆ. ಈ ಮಾತು ಕಾದಂಬರಿಯಲ್ಲಿಲ್ಲ, ಗರ್ವಿಗ್ ಸೇರಿಸಿದ್ದು. ಚರಿತ್ರೆಯ ದೃಷ್ಟಿಯಿಂದ ಒಂದು ತಿದ್ದುಪಡಿ ಹೇಳಬೇಕು: ಮದುವೆಯಾದ ಹೆಣ್ಣು ಸ್ವಂತ ಆಸ್ತಿ ಇಟ್ಟುಕೊಳ್ಳಬಹುದೆಂಬ ಕಾನೂನು ಮ್ಯಾಸಚೂಸೆಟ್ಸಿನಲ್ಲಿ 1855ರಲ್ಲೇ ಬಂದಿತ್ತು. ಆದರೆ ಕಾನೂನು ಬಂದ ಮಾತ್ರಕ್ಕೆ ಬದುಕು ಬದಲಾಗಿರುತ್ತದೆಯೇ? ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂದವು. ಇಂದಿಗೂ ನಮ್ಮ ಜಿಲ್ಲೆಗಳಲ್ಲಿ ಅಕ್ಕತಂಗಿಯರು ಉಪನೋಂದಣಿ ಕಚೇರಿಗೆ ಬಂದು, ಅಣ್ಣತಮ್ಮಂದಿರ ಹೆಸರಿಗೆ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಸೀರೆ ಉಡುಗೊರೆ ಪಡೆದು ಹೋಗುವುದು ನಿಂತಿಲ್ಲ. ಕೇಳಿದರೆ ತವರು ಉಳಿಯಬೇಕಲ್ಲ ಎನ್ನುತ್ತಾರೆ. ಏಮಿಯನ್ನು ಲೆಕ್ಕಾಚಾರದವಳು ಎಂದು ಹಳಿಯುವ ಮೊದಲು, ಆ ಲೆಕ್ಕವನ್ನು ಅವಳ ಕೈಗೆ ಕೊಟ್ಟವರು ಯಾರು ಎಂದು ಕೇಳಿಕೊಳ್ಳಬೇಕು. ಮನೆಯವರೆಲ್ಲರ ಭವಿಷ್ಯ ನಿನ್ನ ಮದುವೆಯ ಮೇಲಿದೆ ಎಂದು ಅತ್ತೆ ಆ ಎಳೆಯ ಹುಡುಗಿಗೆ ಹೇಳುವ ದೃಶ್ಯ ಚಿತ್ರದಲ್ಲೇ ಇದೆ.

ಬೆತ್ ಮಂಚ ಖಾಲಿಯಿರುವ ದೃಶ್ಯ ಎರಡು ಸಲ ಬಂದಂತೆ ಕಂಡಿತು. ಅದು ಸರಿಯೇ?

ಸರಿ, ಎರಡು ಸಲ ಬರುತ್ತದೆ, ಮತ್ತು ಇಡೀ ಚಿತ್ರದ ವಿನ್ಯಾಸಕ್ಕೆ ಅದೇ ಆಧಾರ. ಮೊದಲ ಬಾರಿ, ಬಾಲ್ಯದಲ್ಲಿ, ಜ್ವರ ಬಿದ್ದ ಬೆತ್ ಪಕ್ಕದಲ್ಲಿ ನಿದ್ದೆಹೋದ ಜೋ ಎಚ್ಚರಗೊಂಡಾಗ ಮಂಚ ಖಾಲಿಯಿದೆ. ಅವಳು ಮೆಟ್ಟಿಲಿಳಿದು ಅಡುಗೆಮನೆಗೆ ಓಡುತ್ತಾಳೆ. ಬೆತ್ ಮೇಜಿನ ಬಳಿ ತಾಯಿಯೊಂದಿಗೆ ಕುಳಿತಿದ್ದಾಳೆ, ಬೆಳಕು ಹೊಂಬಣ್ಣದ್ದು. ಎರಡನೆಯ ಬಾರಿ, ವರ್ಷಗಳ ನಂತರ, ಅದೇ ಮಂಚ, ಅದೇ ಮೆಟ್ಟಿಲು. ಈ ಸಲ ಜೋ ಓಡುವುದಿಲ್ಲ. ಒಂದೊಂದೇ ಮೆಟ್ಟಿಲು ಇಳಿದು ಬರುತ್ತಾಳೆ, ಅಡುಗೆಮನೆಯಲ್ಲಿ ತಾಯಿ ಒಬ್ಬಳೇ ಇದ್ದಾಳೆ, ಬೆಳಕು ತಣ್ಣಗಿದೆ. ಸಾವಿನ ಗಳಿಗೆಯನ್ನು ತೋರಿಸುವುದೇ ಇಲ್ಲ. ಕಾಲವನ್ನು ಹಿಂದುಮುಂದು ಮಾಡಿದ್ದು ಚಮತ್ಕಾರಕ್ಕಾಗಿ ಎನ್ನುವವರಿಗೆ ನಾನು ಈ ಎರಡು ಬೆಳಗುಗಳನ್ನು ತೋರಿಸುತ್ತೇನೆ. ನೇರವಾಗಿ ಹೇಳಿದ್ದರೆ ಮೊದಲನೆಯದರ ಸಂತೋಷ ಮರೆತ ಮೇಲೆ ಎರಡನೆಯದು ಬರುತ್ತಿತ್ತು. ಇಲ್ಲಿ ಆ ಸಂತೋಷ ಇನ್ನೂ ಆರದಿರುವಾಗಲೇ ಬರುತ್ತದೆ.

ಅಷ್ಟು ಪ್ರೀತಿಸುವ ಲಾರಿಯನ್ನು ಜೋ ಏಕೆ ಒಲ್ಲೆ ಎಂದಳು?

ಅವಳಿಗೆ ಅವನು ಗೆಳೆಯ, ಜೊತೆಗೂಡಿ ಆಡಿದವನು. ಇಬ್ಬರೂ ಒಂದೇ ಬಗೆಯ ಮುಂಗೋಪಿಗಳು, ಮದುವೆಯಾದರೆ ಇಬ್ಬರೂ ಕೆಡುತ್ತಾರೆಂದು ಅವಳೇ ಹೇಳುತ್ತಾಳೆ. ಬರೆಯುವುದನ್ನು ಬಿಟ್ಟು ದೊಡ್ಡ ಮನೆಯ ಸೊಸೆಯಾಗಿ ತಾನು ಬಾಳಲಾರೆ ಎಂಬುದೂ ಅವಳಿಗೆ ಗೊತ್ತು. ಬೆತ್ ಹೋದ ಮೇಲೆ ಅಟ್ಟದಲ್ಲಿ ತಾಯಿಯ ಮುಂದೆ ಅವಳು ಆಡುವ ಮಾತನ್ನು ಇದರೊಂದಿಗೆ ಸೇರಿಸಿ ಕೇಳಬೇಕು: ಹೆಣ್ಣಿಗೆ ಹೃದಯವಷ್ಟೇ ಅಲ್ಲ, ಬುದ್ಧಿಯಿದೆ, ಆತ್ಮವಿದೆ, ಮಹತ್ವಾಕಾಂಕ್ಷೆಯಿದೆ, ಪ್ರೀತಿಯೊಂದಕ್ಕೇ ಅವಳು ಹುಟ್ಟಿದ್ದಾಳೆ ಎಂದು ಕೇಳಿ ಕೇಳಿ ಸಾಕಾಗಿದೆ, ಆದರೂ ಎಷ್ಟೊಂದು ಒಂಟಿತನ ಎಂದು ಅಳುತ್ತಾಳೆ. ಸ್ವಾತಂತ್ರ್ಯದ ಮಾತನ್ನೂ ಒಂಟಿತನದ ಅಳುವನ್ನೂ ಒಂದೇ ಉಸಿರಿನಲ್ಲಿ ಹೇಳಿಸಿದ ಚಿತ್ರ ಅಪರೂಪ.

ಕೊನೆಯಲ್ಲಿ ಜೋ ಮದುವೆಯಾದಳೋ ಇಲ್ಲವೋ?

ಕಾದಂಬರಿಯಲ್ಲಿ ಆಗುತ್ತಾಳೆ. ಪ್ರೊಫೆಸರ್ ಭೇರ್ ಎಂಬ ಬಡ, ನಡುವಯಸ್ಸಿನ ಜರ್ಮನ್ ವಿದ್ವಾಂಸನನ್ನು ಮಳೆಯಲ್ಲಿ ಕೊಡೆಯ ಕೆಳಗೆ ಒಪ್ಪಿಕೊಂಡು, ಅತ್ತೆ ಬಿಟ್ಟುಹೋದ ಮನೆಯಲ್ಲಿ ಹುಡುಗರ ಶಾಲೆ ತೆರೆಯುತ್ತಾಳೆ. ಲೇಖಕಿಗೆ ಇದು ಇಷ್ಟವಿರಲಿಲ್ಲ. ಮೊದಲ ಭಾಗ ಹೊರಬಂದ ಮೇಲೆ, ಹುಡುಗಿಯರು ಯಾರನ್ನು ಮದುವೆಯಾಗುತ್ತಾರೆಂದು ಕೇಳುವ ಪತ್ರಗಳು ಬರುತ್ತಿವೆ, ಹೆಣ್ಣಿನ ಬಾಳಿಗೆ ಅದೊಂದೇ ಗುರಿಯೇನೋ ಎಂಬಂತೆ ಕೇಳುತ್ತಾರೆ, ಯಾರನ್ನು ಮೆಚ್ಚಿಸಲಿಕ್ಕೂ ಜೋಳನ್ನು ಲಾರಿಗೆ ಕೊಡುವುದಿಲ್ಲ ಎಂದು ಅವರು ದಿನಚರಿಯಲ್ಲಿ ಬರೆದುಕೊಂಡರು. ಜೋ ಬರಹಗಾರ್ತಿಯಾಗಿ ಅವಿವಾಹಿತೆಯಾಗಿಯೇ ಉಳಿಯಬೇಕಿತ್ತು, ಒತ್ತಾಯ ತಾಳಲಾರದೆ ಹಟಕ್ಕೆ ಬಿದ್ದು ಒಂದು ವಿಚಿತ್ರ ಜೋಡಿಯನ್ನು ಕಟ್ಟಿದೆ ಎಂದು ಆಮೇಲೆ ಗೆಳತಿಗೆ ಪತ್ರವನ್ನೂ ಬರೆದರು. ಸ್ವತಃ ಅವರು ಮದುವೆಯಾಗಲಿಲ್ಲ.

ಗರ್ವಿಗ್ ಈ ಎರಡೂ ಸತ್ಯಗಳನ್ನು ಒಟ್ಟಿಗೆ ತೆರೆಗೆ ತಂದಿದ್ದಾರೆ. ಚಿತ್ರದ ಆರಂಭದಲ್ಲೇ ಸಂಪಾದಕ ಡ್ಯಾಶ್‌ವುಡ್, ನಾಯಕಿ ಹುಡುಗಿಯಾದರೆ ಕೊನೆಗೆ ಅವಳ ಮದುವೆಯಾಗಿರಬೇಕು, ಇಲ್ಲವೇ ಸತ್ತಿರಬೇಕು ಎಂದು ಷರತ್ತು ಹಾಕಿರುತ್ತಾನೆ. ಕೊನೆಗೆ ಅವನು ಜೋಳ ಪುಸ್ತಕವನ್ನು ಓದಿ, ನಾಯಕಿ ಯಾರನ್ನು ಮದುವೆಯಾಗುತ್ತಾಳೆ ಎನ್ನುತ್ತಾನೆ. ಯಾರನ್ನೂ ಇಲ್ಲ ಎನ್ನುತ್ತಾಳೆ ಜೋ. ಹಾಗಾದರೆ ಪುಸ್ತಕವನ್ನು ಯಾರೂ ಕೊಳ್ಳುವುದಿಲ್ಲ ಎನ್ನುತ್ತಾನೆ. ಕ್ಷಣ ಯೋಚಿಸಿ ಅವಳು ಒಪ್ಪುತ್ತಾಳೆ. ಆಗ ತೆರೆಯ ಮೇಲೆ ಮಳೆ, ರೈಲು ನಿಲ್ದಾಣ, ಕೊಡೆ, ಉಕ್ಕುವ ಸಂಗೀತ ಎಲ್ಲವೂ ಬರುತ್ತವೆ. ಆಮೇಲೆ ಶಾಲೆಯ ಅಂಗಳದಲ್ಲಿ ಇಡೀ ಕುಟುಂಬ ಕೇಕ್ ಹೊತ್ತು ತಾಯಿಯ ಹುಟ್ಟುಹಬ್ಬ ಮಾಡುವ ದೃಶ್ಯ. ಅದರ ನಡುನಡುವೆ ಅಚ್ಚಿನ ಮನೆಯಲ್ಲಿ ಜೋಳ ಪುಸ್ತಕ ತಯಾರಾಗುವ ದೃಶ್ಯ.

ಆದ್ದರಿಂದ ಉತ್ತರ ಹೀಗೆ: ಪುಸ್ತಕದೊಳಗಿನ ಜೋ ಮದುವೆಯಾದಳು, ಪುಸ್ತಕ ಬರೆದ ಜೋ ಆಗಲಿಲ್ಲ ಎಂದು ನಾನು ಓದುತ್ತೇನೆ. ನನ್ನ ಪುರಾವೆ ಬಣ್ಣ. ದೊಡ್ಡವರಾದ ಮೇಲಿನ ದೃಶ್ಯಗಳಿಗೆಲ್ಲ ತಣ್ಣನೆಯ ಬೆಳಕು ಕೊಟ್ಟವರು ಕೊಡೆಯ ದೃಶ್ಯಕ್ಕೂ ಶಾಲೆಯ ಅಂಗಳಕ್ಕೂ ಬಾಲ್ಯದ ಹೊಂಬಣ್ಣವನ್ನು ಮರಳಿ ಕೊಟ್ಟಿದ್ದಾರೆ. ಅಂದರೆ ಅದು ನೆನಪಿನ, ಕಲ್ಪನೆಯ, ಕಥೆಯ ಬಣ್ಣ. ಇನ್ನೊಂದು ಗುರುತು: ಆರಂಭದಲ್ಲಿ ಕಾಣುವ ಪುಸ್ತಕದ ರಕ್ಷಾಪುಟದಲ್ಲಿ ಲೇಖಕಿಯ ಹೆಸರು ಎಲ್. ಎಂ. ಆಲ್ಕಾಟ್ ಎಂದಿದೆ, ಕೊನೆಯಲ್ಲಿ ಕಾಣುವ ಪುಸ್ತಕದ ಮೇಲೆ ಜೆ. ಎಲ್. ಮಾರ್ಚ್ ಎಂದಿದೆ. ಮದುವೆ ನಿಜವಾಗಿಯೇ ನಡೆಯಿತು ಎಂದು ನೋಡುವವರಿಗೂ ಚಿತ್ರ ಅಡ್ಡಿ ಮಾಡುವುದಿಲ್ಲ, ರಾಯಚೂರಿನ ಗೆಳತಿಯೊಬ್ಬರು ಹಾಗೆಯೇ ಪಟ್ಟು ಹಿಡಿದಿದ್ದಾರೆ.

ಸಂಪಾದಕನೊಂದಿಗೆ ಜೋ ಚೌಕಾಸಿ ಮಾಡುವ ದೃಶ್ಯಕ್ಕೆ ಅಷ್ಟು ಮಹತ್ವವೇಕೆ?

ನನ್ನ ಮಟ್ಟಿಗೆ ಚಿತ್ರದ ಶಿಖರ ಅದೇ. ಆರಂಭದಲ್ಲಿ ಜೋ ತನ್ನ ಕಥೆಯನ್ನು ಗೆಳತಿಯದೆಂದು ಸುಳ್ಳು ಹೇಳಿ ಕೊಡುತ್ತಾಳೆ. ಬೆರಳಿನ ತುದಿಯ ಶಾಯಿಯ ಕಲೆ ಅವಳದೇ ಎಂದು ಹೇಳಿಬಿಡುತ್ತದೆ. ಇಂಥ ಬರಹಕ್ಕೆ 25ರಿಂದ 30 ಡಾಲರ್ ಕೊಡುತ್ತೇವೆ, ಇದಕ್ಕೆ 20 ಎನ್ನುತ್ತಾನೆ ಸಂಪಾದಕ. ಅವಳು ತುಟಿಪಿಟಿಕ್ಕೆನ್ನದೆ ತೆಗೆದುಕೊಂಡು, ಬೀದಿಯುದ್ದಕ್ಕೂ ಓಡುತ್ತಾಳೆ. ನಡುವೆ ತಂದೆಯ ಕಾಯಿಲೆಗೆಂದು ತಲೆಗೂದಲನ್ನೇ 25 ಡಾಲರಿಗೆ ಮಾರಿ ಬಂದಿರುತ್ತಾಳೆ. ಕೊನೆಯಲ್ಲಿ ಅದೇ ಸಂಪಾದಕ ಪುಸ್ತಕದ ಹಕ್ಕನ್ನು ಒಂದೇ ಗಂಟಿನಲ್ಲಿ 500 ಡಾಲರಿಗೆ ಕೊಂಡುಬಿಡುತ್ತೇನೆ ಎಂದಾಗ, ಅವಳು ತಡೆದು ನಿಲ್ಲುತ್ತಾಳೆ. ನನ್ನ ಪುಸ್ತಕ ನನ್ನದಾಗಿಯೇ ಇರಬೇಕು ಎನ್ನುತ್ತಾಳೆ. ಮಾರಾಟದಲ್ಲಿ ಲೇಖಕಿಗೆ ಸಿಗುವ ಗೌರವಧನ ಶೇಕಡಾ 5ರಿಂದ ಏರಿ 6.6ಕ್ಕೆ ನಿಲ್ಲುತ್ತದೆ. ಆ 6.6 ಕಲ್ಪಿತ ಅಂಕಿಯಲ್ಲ, ಆಲ್ಕಾಟ್ ಅವರಿಗೆ ದೊರೆತ ದರವೇ ಅದು. ಹಕ್ಕು ಮಾರಬೇಡಿ ಎಂದು ಅವರಿಗೆ ಸಲಹೆ ಕೊಟ್ಟವರು ಸಂಪಾದಕ ಥಾಮಸ್ ನೈಲ್ಸ್ ಅವರೇ ಎಂಬುದನ್ನೂ ಹೇಳಬೇಕು, ಚಿತ್ರದ ಡ್ಯಾಶ್‌ವುಡ್‌ನಷ್ಟು ಜಿಪುಣರಲ್ಲ ಅವರು. ಮೊದಲ ಮುದ್ರಣದ 2000 ಪ್ರತಿಗಳು ಬೇಗನೆ ತೀರಿದವು. ಕುಟುಂಬದ ಹಳೆಯ ಸಾಲಗಳನ್ನು ಲೂಯಿಸಾ ತಮ್ಮ ಲೇಖನಿಯಿಂದ ತೀರಿಸಿದರು.

ಕನ್ನಡದಲ್ಲಿ ಈ ಮಾತಿಗೆ ನೆನಪಾಗುವವರು ನಂಜನಗೂಡು ತಿರುಮಲಾಂಬ, ಎಳವೆಯಲ್ಲೇ ವಿಧವೆಯಾಗಿ, ‘ಸತೀಹಿತೈಷಿಣಿ’ ಗ್ರಂಥಮಾಲೆ ಕಟ್ಟಿ, ತಮ್ಮ ಕೃತಿಗಳನ್ನು ತಾವೇ ಪ್ರಕಟಿಸಿದವರು. ಪುಸ್ತಕದ ಎರಡನೆಯ ಪುಟದಲ್ಲಿ ‘ಹಕ್ಕುಗಳು: ಲೇಖಕಿಯವು’ ಎಂಬ ಸಾಲನ್ನು ನಾವು ಓದದೆ ಮಗುಚುತ್ತೇವೆ. ಆ ಸಾಲಿಗಾಗಿ ನಡೆದ ಜಗ್ಗಾಟವನ್ನು ಈ ಚಿತ್ರ ಪ್ರೇಮದೃಶ್ಯಕ್ಕಿಂತ ಹೆಚ್ಚು ಕಾತರದಿಂದ ತೋರಿಸುತ್ತದೆ. ಅಚ್ಚಿನ ಮನೆಯಲ್ಲಿ ಮೊಳೆಗಳನ್ನು ಜೋಡಿಸುವುದು, ಹಾಳೆಗಳನ್ನು ಹೊಲಿಯುವುದು, ಕೆಂಪು ರಟ್ಟಿನ ಮೇಲೆ ಚಿನ್ನದ ರೇಕು ಒತ್ತುವುದು ಎಲ್ಲವನ್ನೂ ಜೋ ಗಾಜಿನಾಚೆಯಿಂದ ನೋಡುತ್ತಿರುತ್ತಾಳೆ.

ಜೋ ಎರಡೂ ಕೈಯಿಂದ ಬರೆಯುವುದು ನಟಿಯ ಕಲ್ಪನೆಯೇ?

ಅಲ್ಲ. ಬಲಗೈ ಸೋತಾಗ ಎಡಗೈಯಿಂದ ಬರೆಯುವುದನ್ನು ಆಲ್ಕಾಟ್ ರೂಢಿಸಿಕೊಂಡಿದ್ದರು. ಅಟ್ಟದ ನೆಲದ ಮೇಲೆ ಹಾಳೆಗಳನ್ನು ಹರಡಿ, ಮೇಣದ ಬತ್ತಿಯ ಬೆಳಕಿನಲ್ಲಿ ರಾತ್ರಿಯಿಡೀ ಬರೆಯುವ ದೃಶ್ಯದಲ್ಲಿ ಜೋ ಲೇಖನಿಯನ್ನು ಕೈಯಿಂದ ಕೈಗೆ ಬದಲಾಯಿಸುವುದನ್ನು ನೋಡಬಹುದು.

ಮೆಗ್‌ಳನ್ನು ಚಿತ್ರ ಕಡೆಗಣಿಸಿದೆಯೇ?

ಸ್ವಲ್ಪಮಟ್ಟಿಗೆ ಹೌದು. 50 ಡಾಲರಿನ ರೇಷ್ಮೆ ಬಟ್ಟೆ ಕೊಂಡು, ಬಡ ಮೇಷ್ಟ್ರಾದ ಗಂಡನ ಎದುರು ಕುಗ್ಗುವ ಪ್ರಸಂಗ ಕಾದಂಬರಿಯಲ್ಲಿ ಇನ್ನೂ ವಿವರವಾಗಿದೆ. ಆದರೆ ಮದುವೆಯ ದಿನ, ಓಡಿಹೋಗೋಣ ಬಾ ಎನ್ನುವ ಜೋಗೆ ಅವಳು ಕೊಡುವ ಉತ್ತರ ಚಿತ್ರದ ನ್ಯಾಯವನ್ನು ಕಾಯುತ್ತದೆ: ನನ್ನ ಕನಸುಗಳು ನಿನ್ನವಕ್ಕಿಂತ ಬೇರೆ ಎಂದ ಮಾತ್ರಕ್ಕೆ ಅವು ಸಣ್ಣವಲ್ಲ.

ಚಿತ್ರಕ್ಕೆ ಯಾವ ಪ್ರಶಸ್ತಿಗಳು ಬಂದವು?

ಆಸ್ಕರ್‌ಗೆ ಆರು ನಾಮನಿರ್ದೇಶನಗಳಿದ್ದವು: ಚಿತ್ರ, ನಟಿ, ಪೋಷಕ ನಟಿ, ಆಧರಿತ ಚಿತ್ರಕಥೆ, ಅಲೆಕ್ಸಾಂಡರ್ ಡೆಸ್ಪ್ಲಾ ಅವರ ಸಂಗೀತ ಮತ್ತು ಉಡುಪು. ಗೆದ್ದದ್ದು ಜಾಕ್ಲಿನ್ ಡುರಾನ್ ಅವರ ವಸ್ತ್ರವಿನ್ಯಾಸ ಮಾತ್ರ. ಜೋ ಮತ್ತು ಲಾರಿ ಒಬ್ಬರ ಅಂಗಿಯನ್ನು ಇನ್ನೊಬ್ಬರು ತೊಡುವುದನ್ನು ಗಮನಿಸಿದರೆ ಆ ಪ್ರಶಸ್ತಿಯ ಅರ್ಹತೆ ತಿಳಿಯುತ್ತದೆ. ಗರ್ವಿಗ್ ಅವರಿಗೆ ನಿರ್ದೇಶನದ ನಾಮನಿರ್ದೇಶನ ಸಿಗಲಿಲ್ಲ. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಮಕ್ಕಳೊಂದಿಗೆ ನೋಡಬಹುದೇ?

ಧಾರಾಳವಾಗಿ ನೋಡಬಹುದು. ಬೆತ್ ಸಾವಿನ ಭಾಗಕ್ಕೆ ಚಿಕ್ಕವರನ್ನು ಸ್ವಲ್ಪ ಸಿದ್ಧಗೊಳಿಸಿ.

ಕಾದಂಬರಿ ಓದುವುದಾದರೆ ಯಾವ ಪ್ರತಿಯನ್ನು ಹಿಡಿಯಬೇಕು?

ಪುಟ ತಿರುವಿ ಅಧ್ಯಾಯಗಳನ್ನು ಎಣಿಸಿ. ಎರಡೂ ಭಾಗ ಸೇರಿದ ಪ್ರತಿಯಲ್ಲಿ 47 ಅಧ್ಯಾಯಗಳಿರುತ್ತವೆ. 23ಕ್ಕೆ ಮುಗಿದರೆ ಅದು ಮೊದಲ ಭಾಗ ಮಾತ್ರ. ಬ್ರಿಟನ್ನಿನಲ್ಲಿ ಎರಡನೆಯ ಭಾಗವನ್ನು ‘ಗುಡ್ ವೈವ್ಸ್’ ಎಂಬ ಬೇರೆ ಹೆಸರಿನಲ್ಲಿ ಅಚ್ಚು ಮಾಡುವ ರೂಢಿಯಿದ್ದು, ಹಳೆಯ ಪುಸ್ತಕದಂಗಡಿಗಳಲ್ಲಿ ಆ ಪ್ರತಿಗಳೂ ಸಿಗುತ್ತವೆ. 1880ರಲ್ಲಿ ಒಂದೇ ಸಂಪುಟವಾಗಿ ಬಂದ ಆವೃತ್ತಿಯಲ್ಲಿ ಹುಡುಗಿಯರ ಒರಟು ಆಡುಮಾತನ್ನು ನಯಗೊಳಿಸಲಾಯಿತು, ದಪ್ಪನೆಯ ತಾಯಿಯನ್ನು ಎತ್ತರದ ಗಂಭೀರ ಹೆಂಗಸಾಗಿ ಮಾರ್ಪಡಿಸಲಾಯಿತು. ಸಿಕ್ಕರೆ 1868–69ರ ಮೂಲ ಪಾಠವನ್ನೇ ಓದಿ, ಅಲ್ಲಿ ಜೋಳ ಬಾಯಿ ಇನ್ನೂ ಬಿರುಸಾಗಿದೆ.

ಇದನ್ನು ಕನ್ನಡದಲ್ಲಿ ನಾಟಕವಾಗಿ ಆಡಲು ಅನುಮತಿ ಬೇಕೇ?

ಕಾಲೇಜು ರಂಗತಂಡಗಳಿಂದ ಈ ಪ್ರಶ್ನೆ ಬರುತ್ತಿರುವುದು ಬಹಳ ಸಂತೋಷದ ಸಂಗತಿ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ 60 ವರ್ಷಗಳ ನಂತರ ಕೃತಿಸ್ವಾಮ್ಯ ಮುಗಿಯುತ್ತದೆ. ಆಲ್ಕಾಟ್ 1888ರಲ್ಲಿ ತೀರಿಕೊಂಡವರು, ಆದ್ದರಿಂದ ಕಾದಂಬರಿಯನ್ನು ಅನುವಾದಿಸಲು, ರಂಗಕ್ಕೆ ತರಲು ಯಾರ ಅಪ್ಪಣೆಯೂ ಬೇಡ. ಚಿತ್ರಕಥೆಯ ವಿಷಯ ಬೇರೆ. ಎರಡು ಕಾಲಗಳನ್ನು ಹೆಣೆದ ಕ್ರಮ, ಏಮಿಯ ಪ್ಯಾರಿಸಿನ ಮಾತು, ಸಂಪಾದಕನೊಂದಿಗಿನ ಕೊನೆಯ ಚೌಕಾಸಿ ಇವು ಚಿತ್ರಕ್ಕಾಗಿ ಬರೆದವು, ಅವುಗಳ ಹಕ್ಕು ಇನ್ನೂ ಜೀವಂತವಾಗಿದೆ. ಹಾಗಾಗಿ ಕಾದಂಬರಿಯಿಂದಲೇ ತೆಗೆದುಕೊಳ್ಳಿ. ಎರಡನೆಯ ಅಧ್ಯಾಯದಲ್ಲಿ ಅಕ್ಕತಂಗಿಯರೇ ಕ್ರಿಸ್ಮಸ್ ರಾತ್ರಿ ಒಂದು ನಾಟಕ ಆಡುತ್ತಾರೆ. ಜೋ ಗಂಡಸಿನ ಪಾತ್ರಗಳನ್ನೆಲ್ಲ ತಾನೇ ವಹಿಸಿ ಬೂಟು ಹಾಕಿ ಅಬ್ಬರಿಸುತ್ತಾಳೆ, ರಂಗದ ಮೇಲೆ ಕಟ್ಟಿದ ಗೋಪುರ ನಡುವೆಯೇ ಕುಸಿದು ಬೀಳುತ್ತದೆ. ಸ್ತ್ರೀಪಾತ್ರಗಳನ್ನು ಹೆಂಗಸರೇ ಮಾಡಬೇಕೆಂದು ಬಳ್ಳಾರಿ ರಾಘವ ಅವರು ವಾದಿಸಿದ, ಸುಭದ್ರಮ್ಮ ಮನ್ಸೂರು ಅವರು ಕಂದಗಳನ್ನು ಹಾಡಿದ ಈ ಊರಿನಲ್ಲಿ ಆ ಅಧ್ಯಾಯದಿಂದಲೇ ನಾಟಕ ಆರಂಭಿಸುವುದು ಒಳ್ಳೆಯದು. ನಾಲ್ವರು ಹುಡುಗಿಯರು, ಒಂದು ಹಳೆಯ ಮಂಚ, ಎರಡು ಚಾದರ ಇದ್ದರೆ ರಂಗಸಜ್ಜಿಕೆ ಮುಗಿಯಿತು.